ಉಪ್ಪುನಿಂಬೆಯ ನೀರು

ಭಾಗಮಂಡಲದ ಕಡೆಯ ಎಸ್ಟೇಟ್ ಡಿಸ್ಪೆನ್ಸರಿಯ ಕಾಂಪೌಂಡರ್ ಕೂಸಪ್ಪನಿಗೆ ನಾಲಿಗೆಯ ಮೇಲೆ ನಂಬಿಕೆ ಇರಲಿಲ್ಲ. ನಂಬಿ ಒಮ್ಮೆ ಕೆಟ್ಟಿದ್ದ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಯಾವನೋ ತಿರುಗಾಡುವ ವ್ಯಾಪಾರಿ ಕೊಟ್ಟ ಕ್ವಿನೈನ್ ಪುಡಿಯನ್ನು ನೆಕ್ಕಿ, ಕಹಿ ಇದೆಯಲ್ಲ ಎಂದು ಕೂಲಿ ಲೈನಿನ ಕೆಂಚನಿಗೆ ಕುಡಿಸಿದ. ಅದು ಎಂಥದೋ ಬೇರಿನ ಪುಡಿಯಂತೆ! ಚಳಿಜ್ವರ ಬಿಡಲಿಲ್ಲ, ಕೆಂಚ ಉಳಿಯಲಿಲ್ಲ.

ಆಮೇಲೆ ಮಡಿಕೇರಿಯ ಔಷಧದಂಗಡಿಯ ಮಾಯಿಲಪ್ಪ ಬೇರೆ ಪರೀಕ್ಷೆ ಕಲಿಸಿದ. ಪುಡಿಯನ್ನು ನೀರಿನಲ್ಲಿ ಕದಡಿ, ಸ್ವಲ್ಪ ಗಂಧಕಾಮ್ಲ ಬಿಟ್ಟು ಬಿಸಿಲಿಗೆ ಹಿಡಿದರೆ ಅಸಲಿ ಕ್ವಿನೈನ್ ನೀಲಿಯಾಗಿ ಹೊಳೆಯುತ್ತದೆ. ಅಂದಿನಿಂದ ಹೊಳೆಯದ ಪುಡಿ ಕೂಸಪ್ಪನ ಕೈಯಿಂದ ಯಾರ ಬಾಯಿಗೂ ಹೋಗಲಿಲ್ಲ.

ಮರುವರ್ಷದ ಆಟಿ ತಿಂಗಳ ಮಳೆಯಲ್ಲಿ ಹೆಂಡತಿ ಯಮುನಳೇ ನಡುಗುತ್ತ ಮಲಗಿದಳು. ಮಾಯಿಲಪ್ಪನ ಅಂಗಡಿಯಿಂದ ತಂದ ಹೊಸ ಬಾಟಲಿ ಇತ್ತು, ಆಮ್ಲ ಮಾತ್ರ ಮುಗಿದಿತ್ತು. ಮಣ್ಣು ಕುಸಿದು ಬಸ್ಸೂ ನಿಂತಿತ್ತು. ಹುಳಿ ಯಾವುದಾದರೇನು ಎಂದುಕೊಂಡ ಪುಣ್ಯಾತ್ಮ, ಅಡುಗೆಮನೆಯ ಭರಣಿಯಿಂದ ಉಪ್ಪುನಿಂಬೆಯ ನೀರು ಬಗ್ಗಿಸಿ ಪುಡಿ ಕದಡಿದ. ಮೋಡ ಸರಿದು ಒಂದಿಷ್ಟು ಬಿಸಿಲು ಬಿದ್ದಾಗ ಗ್ಲಾಸು ಹಿಡಿದು ಅಂಗಳಕ್ಕೆ ಓಡಿದ. ಹೊಳಪಿಲ್ಲ. ಇನ್ನಷ್ಟು ಪುಡಿ ಹಾಕಿದ. ಊಹೂಂ, ಏನೇನೂ ಇಲ್ಲ.

ಯಮುನ ಬೆರಳ ತುದಿಯಲ್ಲಿ ಪುಡಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು. "ಕಹಿ ಉಂಟಲ್ಲಾ! ಮತ್ತೆ ಏನ್ ಬೇಕು ನಿಮ್ಗೆ? ಕೊಡಿ."

"ಸುಮ್ನಿರ್ ಮಾರಾಯ್ತಿ. ಜ್ವರದ ಬಾಯಿಗೆ ಗಂಜಿನೂ ಕಹಿಯೇ" ಎಂದು ಗದರಿದ. ಕೆಂಚನ ಮುಖ ಕಣ್ಣ ಮುಂದೆ ಬಂದಿತ್ತು. ಸಾಕ್ಷಿಗೆಂದು ಒಂದು ಚಿಟಿಕೆ ಪೊಟ್ಟಣ ಕಟ್ಟಿಟ್ಟು, ಉಳಿದದ್ದನ್ನೆಲ್ಲ ತೋಡಿನ ನೀರಿಗೆ ಸುರಿದ. ದಾರಿ ಬಿಡುವಷ್ಟರಲ್ಲಿ ಯಮುನ ಹೋಗಿಬಿಟ್ಟಿದ್ದಳು.

ಕ್ರಿಯೆ ಮುಗಿಸಿ, ಪೊಟ್ಟಣ ಜೇಬಿಗಿಟ್ಟು ಮಡಿಕೇರಿಯ ಬಸ್ಸು ಹತ್ತಿದ. ಮೊದಲು ಮಾಯಿಲಪ್ಪನ ಎದುರೇ ಪರೀಕ್ಷೆಯಾಗಲಿ, ಆಮೇಲೆ ಕೊರಳಪಟ್ಟಿ ಹಿಡಿದು ಬೀದಿಗೆ ಎಳೆಯುತ್ತೇನೆ ಎಂದು ಹಲ್ಲು ಕಚ್ಚಿಕೊಂಡೇ ಹೋದ. "ಇದು ಹೊಳೀಲಿಲ್ಲ" ಎಂದಷ್ಟೇ ಹೇಳಿ ಪೊಟ್ಟಣ ಮುಂದಿಟ್ಟ.

ಮಾಯಿಲಪ್ಪ ಪುಡಿಗೆ ನೀರು, ಆಮ್ಲ ಬೆರೆಸಿ ಕಿಟಕಿಯ ಬಿಸಿಲಿಗೆ ಹಿಡಿದ. ಗ್ಲಾಸು ತುಂಬ ನೀಲಿ.

"ನೀನ್ ಯಾವ ಆಮ್ಲ ಹಾಕಿದ್ದೆ?"

"ಉಪ್ಪುನಿಂಬೆ ನೀರ್."

ಮಾಯಿಲಪ್ಪ ಒಂದು ಚಿಟಿಕೆ ಉಪ್ಪು ತಂದು ಅದೇ ಗ್ಲಾಸಿಗೆ ಹಾಕಿ ಅಲುಗಾಡಿಸಿದ. ನೀಲಿ ಮಂಕಾಯಿತು. ಇನ್ನೊಂದು ಚಿಟಿಕೆ ಹಾಕಿದ ಮೇಲೆ ಅದು ಬರೀ ನೀರಿನಂತೆ ಕಂಡಿತು.

"ಅಯ್ಯೋ ನಿನ್ನ! ಉಪ್ಪು ಸೇರಿದ್ರೆ ಹೊಳಪು ಸಾಯ್ತದೆ ಕೂಸಪ್ಪ. ಒಳಗಿನ ಮದ್ದು ಎಲ್ಲಿಗೂ ಹೋಗಲ್ಲ, ಕಣ್ಣಿಗೆ ಕಾಣಲ್ಲ ಅಷ್ಟೆ. ನಾಲಿಗೆಗೂ ಹಚ್ಚಿ ನೋಡ್ಬೇಕಿತ್ತು, ಇಂಥ ಕಹಿ ಯಾವ ಬೇರಿಗಾದ್ರೂ ಬರ್ತದಾ?" ಎಂದು ಮಾಯಿಲಪ್ಪ ನಕ್ಕ. ಯಮುನಳ ವಿಷಯ ಅವನಿಗೆ ಏನೂ ಗೊತ್ತಿರಲಿಲ್ಲ.

ಕೂಸಪ್ಪ ಗ್ಲಾಸನ್ನೇ ನೋಡುತ್ತ ನಿಂತಿದ್ದ. ಹಿಡಿಯಬೇಕೆಂದು ಬಂದ ಕೊರಳಪಟ್ಟಿ ಎದುರಿಗೇ ಇತ್ತು, ಕೈ ಏಳಲಿಲ್ಲ.

"ಮದ್ದು ಅಪ್ಪಟ ಮಾರಾಯ. ಹೆದರ್ಬೇಡ," ಮಾಯಿಲಪ್ಪ ಅವನ ಬೆನ್ನು ತಟ್ಟಿದ, "ಮನೆಗೆ ಹೋಗಿ ಧೈರ್ಯವಾಗಿ ಕುಡಿಸು."