ನಿಮಾಯಿಯ ಎಡಗಾಲಿಗೆ ಒಂದು ಜಾಗ

ನಿಮಾಯಿ ಮಂಡಲನ ಎಡಗಾಲಿಗೆ ಬಸ್ಸಿನಲ್ಲಿ ಪ್ರತ್ಯೇಕ ಆಸನ ಬೇಕಾಗುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ. ಸಿಂಧನೂರಿನ ಬಳಿ ಬಂಗಾಳಿ ನಿರಾಶ್ರಿತರು ನೆಲೆಸಿದ್ದ ಆರ್.ಎಚ್. ಕ್ಯಾಂಪಿನಲ್ಲಿ ಬೆಳಗಿನ ಗದ್ದೆ ಕೆಲಸ ಮುಗಿಸಿ ಬಸ್ಸು ಹತ್ತುತ್ತಿದ್ದ ಅವನು ಕಿಟಕಿಯ ಪಕ್ಕ ಕುಳಿತು, ಬದಿಯ ಆಸನದ ಮೇಲೆ ಆ ಕಾಲನ್ನು ಚಾಚಿ, ಅದಕ್ಕೊಂದು ಟವೆಲ್ ಹೊದಿಸುತ್ತಿದ್ದ. ಲಿಂಗಸುಗೂರಿನ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಅವನು ಗೋಲು ಹೊಡೆಯುವವನು, ನಾನು ರಕ್ಷಣಾ ಸಾಲಿನಲ್ಲಿ ಬಲಬದಿಯವನು. ಅದೇ ಬಸ್ಸನ್ನು ನಾನು ಮಸ್ಕಿಯಲ್ಲಿ ಹತ್ತುತ್ತಿದ್ದೆ.

“ಕಾಲ ಕೆಳಗ ಇಳಸಲೇ, ಮಂದಿ ನಿಂತಾರ,” ಎಂದು ಕಂಡಕ್ಟರ್ ಗದರಿದರೆ, “ಇವತ್ತ ಆಡಾದು ಅದೈತ್ರೀ, ನಾನಲ್ಲ. ಬೇಕಾರ ನಾ ನಿಂದರ್ತೀನಿ, ಅದು ಕುಂದರ್ಲಿ,” ಎನ್ನುತ್ತಿದ್ದ. ಇಡೀ ಬಸ್ಸು ನಗುತ್ತಿತ್ತು, ಕಂಡಕ್ಟರ್ ಕೂಡ. ನಗದವನು ನಾನೊಬ್ಬನೇ; ಮಸ್ಕಿಯಿಂದ ಲಿಂಗಸುಗೂರಿನವರೆಗೆ ನಿಂತು ಬಂದವನೂ ನಾನೇ. ವಿಷಯವನ್ನು ಕ್ಲಬ್ಬಿನ ಸಭೆಯಲ್ಲಿ ಪ್ರಸ್ತಾಪಿಸಿದೆ. ಚರ್ಚೆಗೆ ಎತ್ತಿಕೊಳ್ಳಲಿಲ್ಲ.

ಆದರೂ ಆ ಕಾಲಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಯೇ ಮುಂದುವರಿಯುತ್ತೇನೆ. ಪೆನಾಲ್ಟಿ ಸಿಕ್ಕಾಗ ನಿಮಾಯಿ ಎಡಗಾಲಿನ ಬೂಟನ್ನು ಬಿಚ್ಚಿ, “ತುಸು ಹಿಡೀರಿ ಸಾಹೇಬ್ರ,” ಎಂದು ರೆಫರಿಯ ಕೈಗೇ ಕೊಡುತ್ತಿದ್ದ. ಕೇಳಿದರೆ, “ಬೂಟು ನಡುವ ಬಂದ್ರ ನಾ ಹೇಳಿದ್ದು ಚೆಂಡಿಗಿ ಕೇಳಸಂಗಿಲ್ಲ,” ಎಂಬ ಉತ್ತರ. ಎದುರಾಳಿ ಗೋಲ್‌ಕೀಪರ್ ಆ ಬರಿಗಾಲಿನ ಬೆರಳುಗಳನ್ನೇ ದಿಟ್ಟಿಸುತ್ತ ತಪ್ಪು ದಿಕ್ಕಿಗೆ ಹಾರುತ್ತಿದ್ದ.

ರಾಯಚೂರಿನ ತಂಡದ ವಿರುದ್ಧದ ಕೊನೆಯ ಪಂದ್ಯವನ್ನು ಊರು ಇಂದಿಗೂ ನೆನೆಯುತ್ತದೆ, ಅರ್ಧ ಮಾತ್ರ. ಆಟ ಮುಗಿಯಲು ಬಂದಾಗ ನಾನು ನಮ್ಮ ಗೋಲಿನ ಬಳಿಯಿಂದ ಒದ್ದ ಚೆಂಡು ಮೈದಾನವನ್ನೆಲ್ಲ ದಾಟಿ ಅವನ ಎಡಗಾಲಿಗೆ ಬಂದು ಬಿದ್ದಿತು. ಅವನು ತಿರುಗಿದ, ಗೋಲಾಯಿತು, ಗೆದ್ದೆವು. ಸನ್ಮಾನ ಸಮಾರಂಭದಲ್ಲಿ ಅವನು ಆಡಿದ ಮಾತು ಇಷ್ಟು: “ಆ ಚೆಂಡು ಗಾಳಿ ತಂದು ಕೊಡ್ತ್ರೀ.” ಅದೇ ವೇದಿಕೆಯ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ, ನಾನು ಕುಳಿತಿದ್ದೆ. ಪಂದ್ಯದ ಸಂಜೆ ಗಾಳಿಯೇ ಇರಲಿಲ್ಲ. ಮೂಲೆಯ ಬಾವುಟ ಜೋತುಬಿದ್ದಿತ್ತು.

ಮುಂದೆ ಅವನು ಸರಕಾರಿ ಕಚೇರಿಯೊಂದರಲ್ಲಿ ಜವಾನನಾಗಿ ಲಿಂಗಸುಗೂರಿನಲ್ಲೇ ನೆಲೆಸಿ, ನಿವೃತ್ತನೂ ಆದ. ಆಗ ಕ್ಲಬ್ಬಿನ ಅಧ್ಯಕ್ಷ, ಸಿಮೆಂಟ್ ವ್ಯಾಪಾರಿ ವೀರೇಶ, ಮೈದಾನದಲ್ಲಿ ಅವನ ಪ್ರತಿಮೆ ನಿಲ್ಲಿಸುವುದಾಗಿ ಸಾರಿದ. ಸಿಮೆಂಟು ಸ್ವಂತದ್ದಾದ್ದರಿಂದ ಕಟ್ಟೆ ಮೊದಲು ಎದ್ದಿತು. ಕೂಡಿದ ಚಂದಾ ಮಾತ್ರ ಎದೆಮಟ್ಟದ ಪ್ರತಿಮೆಗೆ ಸಾಕಾಗುವಷ್ಟಿತ್ತು. ಶಿಲ್ಪಿ ಬರೆದುಕೊಟ್ಟ ಚಿತ್ರದಲ್ಲಿ ನಿಮಾಯಿಗೆ ಹೆಗಲ ಮೇಲೊಂದು ಶಾಲು ಇತ್ತು, ಕಾಲುಗಳಿರಲಿಲ್ಲ.

ಸಭೆಯಲ್ಲಿ ನಾನು ಎದ್ದು ನಿಂತೆ. ಹಳೆಯ ಸಿಟ್ಟು ಎಂದು ಪಿಸುಗುಟ್ಟಿದವರು ಯಾರೆಂಬುದು ನನಗೆ ಗೊತ್ತು. “ಕಾಲಿಲ್ಲದ ಮೂರ್ತಿ ಮಾಡಸಾಕ ಈತ ಏನು ಭಾಷಣ ಮಾಡಿ ಗೆದ್ದಾನೇನ್ರೀ?” ಎಂದೆ.

“ಮಾರಿ ಗುರ್ತು ಸಿಕ್ರ ಸಾಕಲ್ರೀ, ಶರಣಪ್ಪನವರ,” ಎಂದು ವೀರೇಶ ನನಗೆ ಹೇಳಿದ.

“ಆ ಮಾರಿ ಯಾರು ನೋಡ್ಯಾರ? ಎದುರಿನವ್ರು ಬೆನ್ನು ನೋಡ್ಯಾರ, ನಾವು ಕಾಲು ನೋಡೀವಿ.”

ವೀರೇಶ ಗಂಭೀರವಾಗಿ ಯೋಚಿಸಿದ. “ಹಂಗಾರ ಮ್ಯಾಲಿನ ಅರ್ಧ ಬಿಟ್ಟು ಕೆಳಗಿನ ಅರ್ಧ ಮಾಡಸೂಣೇನು?”

ಈ ಸಲಹೆಯ ಮೇಲೆ ದೀರ್ಘ ಚರ್ಚೆ ನಡೆಯಿತು. ಹಾರವನ್ನು ಎಲ್ಲಿಗೆ ಹಾಕುವುದೆಂಬಲ್ಲಿ ಅದು ಸಿಕ್ಕಿಕೊಂಡಿತು. ಹಿಂದೆ ಕುಳಿತಿದ್ದ ನಿಮಾಯಿ ಎದ್ದ. “ಹಾರದ ಚಿಂತಿ ಬ್ಯಾಡ್ರಿ. ಜೀವ ಇರೂಮಟ ನನ್ನ ಮೂರ್ತಿಗಿ ಹಾರ ಬಿತ್ತಂದ್ರ ಮನ್ಯಾಗಿನಾಕಿ ನನಗ ಅನ್ನ ಹಾಕಂಗಿಲ್ಲ. ಹೋಗಿ ಮೂರ್ತಿಗೇ ಎಡಿ ಇಡ್ತಾಳ.”

ವಿಷಯವನ್ನು ಸೂಕ್ತ ಸಮಯಕ್ಕೆ ಮುಂದೂಡಲಾಯಿತು. ಆ ಸಮಯ ಯಾವುದೆಂದು ಸಭೆಗೆಲ್ಲ ಅರ್ಥವಾಗಿತ್ತು. ಹೆಚ್ಚು ನಕ್ಕವನು ನಿಮಾಯಿಯೇ.

ಅಂದಿನಿಂದ ಆ ಖಾಲಿ ಕಟ್ಟೆಯ ಮೇಲೆ ಸಂಜೆಯಾದರೆ ಅವನೇ ಕುಳಿತುಕೊಳ್ಳುತ್ತಿದ್ದ, ಎಡಗಾಲು ಚಾಚಿ, ಟವೆಲ್ ಹೊದಿಸಿ. ನಾನು ಪಕ್ಕದಲ್ಲಿ ನಿಂತು ಆಟ ನೋಡುತ್ತಿದ್ದೆ. ಒಂದು ಸಂಜೆ ಕೇಳಿಯೇ ಬಿಟ್ಟೆ: “ಆವತ್ತ ಗಾಳಿ ಎಲ್ಲಿತ್ತಲೇ?”

ಅವನು ಕಾಲಿನ ಮೇಲಿನ ಟವೆಲ್ ಸರಿಮಾಡಿದ. “ದಾದಾ, ನೀವು ಚೆಂಡನ್ನ ಗೆರಿ ಹೊರಗ ಒದಿಯಾಕ ಹೋಗಿದ್ರಿ. ಕಾಲು ಜಾರಿ ನನ್ನ ಕಡಿ ಬಂತು. ಅಷ್ಟು ಮಂದಿ ಮುಂದ ಅದನ್ನ ಹೇಳಬೇಕಿತ್ತೇನು? ಅದಕ್ಕ ಗಾಳಿ ಅಂದೆ.”

ಈ ಹೇಳಿಕೆ ಸತ್ಯಕ್ಕೆ ದೂರವಾದದ್ದೆಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ. ಅದನ್ನು ಅವನಿಗೂ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ ಕೆಳಗಿಳಿಸಿ, ಟವೆಲಿನಿಂದ ಕಟ್ಟೆ ಒರೆಸಿದ. “ಕುಂದರ್ರಿ ದಾದಾ. ಮಸ್ಕಿಯಿಂದ ನಿಂತೀರಿ.”

ಕುಳಿತೆ. ಅದೇ ಚಳಿಗಾಲದಲ್ಲಿ ಅವನು ತೀರಿಕೊಂಡ.

ಮೊನ್ನೆ ಸಂಜೆ ವೀರೇಶ ಅಳತೆಯ ಟೇಪು ಹಿಡಿದು ಬಂದ. “ಈಗ ಅಡ್ಡಿ ಏನೂ ಇಲ್ಲಲ್ರೀ. ಎದಿಮಟದ್ದೇ ಮಾಡಸಾಕತ್ತೀವಿ. ಕಟ್ಟಿ ಅಳೀಬೇಕು, ತುಸು ಸರೀರಿ.”

ನಾನು ಕಟ್ಟೆಯ ಒಂದು ಅಂಚಿನಲ್ಲಿ ಕುಳಿತಿದ್ದೆ. ಪಕ್ಕದ ಖಾಲಿ ಜಾಗವನ್ನು ತೋರಿಸಿದೆ.

“ಸರಿಯಾಕ ಬರಂಗಿಲ್ಲ. ಇಲ್ಲಿ ಕಾಲೈತಿ.”

ವೀರೇಶ ಟೇಪು ಹಿಡಿದುಕೊಂಡು ಆಟ ಮುಗಿಯುವವರೆಗೂ ನಿಂತೇ ಇದ್ದ. ನಾನು ಕುಳಿತೇ ಇದ್ದೆ.