ಪಟ್ಟಿಯಕ್ಕನೂ ದರ್ಜಿಯ ಕುರುವೂ

ಆ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಡಾಕ್ಟರಮ್ಮನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವಳು ಪಟ್ಟಿಯಕ್ಕ. ಗಾಯ ತೊಳೆದು ಪಟ್ಟಿ ಕಟ್ಟುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ನಿಂತೇ ಕಳೆದವಳು. ಓದು ಮೂರನೇ ಕ್ಲಾಸಿಗೆ ಮುಗಿದಿತ್ತು. ಆದರೆ ಯಾವ ಗಾಯ ನಿನ್ನೆ ಎಷ್ಟಗಲ ಇತ್ತು, ಕೀವು ತೆಳ್ಳಗಿತ್ತೋ ಗಟ್ಟಿಯಿತ್ತೋ ಎಂದು ಕೇಳಿದರೆ ಚೀಟಿ ನೋಡದೆ ಹೇಳುತ್ತಿದ್ದಳು. ಜೊತೆಗೆ, ಯಾಕೆ ಎಂದು ಕೇಳುವ ಚಾಳಿ ಬೇರೆ.

“ನೀನು ಕೀವಿಗೂ ಅಪ್ಪ ಅಮ್ಮ ಯಾರು ಅಂತ ವಿಚಾರಿಸ್ತೀಯಲ್ಲ,” ಎಂದು ಔಷಧಿ ಕೊಡುವ ಕಂಪೌಂಡರ್ ನಗುತ್ತಿದ್ದ.

ಅವಳ ತಲೆ ತಿಂದದ್ದು ಒಬ್ಬ ದರ್ಜಿಯ ಕೈ. ಎರಡು ಬೀದಿಯಾಚೆ ಅವನ ಅಂಗಡಿ. ಊರಿನವರಿಗೆಲ್ಲ ಅರ್ಧ ತೋಳಿನ ಅಂಗಿ ಹೊಲಿದುಕೊಡುವ ಮನುಷ್ಯ ತಾನು ಮಾತ್ರ ಬೇಸಿಗೆಯಲ್ಲೂ ಪೂರ್ತಿ ತೋಳು ತೊಟ್ಟು ಮುಂಗೈಗೆ ಗುಂಡಿ ಹಾಕಿಕೊಳ್ಳುತ್ತಿದ್ದ. ಎಡಗೈಯ ಮೊಣಕೈ ಮಡಿಕೆಯ ಕೆಳಗೆ ಕುರು ಎದ್ದಿತ್ತು. ಮೊಳೆ ತಾಗಿತು ಎಂದ. ಡಾಕ್ಟರಮ್ಮ ಕೊಯ್ದು ಕೀವು ತೆಗೆದರು, ಪಟ್ಟಿಯಕ್ಕ ಹನ್ನೊಂದು ದಿನ ತೊಳೆದು ಕಟ್ಟಿದಳು, ವಾಸಿಯಾಯಿತು. ತಿಂಗಳಾಗುವಷ್ಟರಲ್ಲಿ ಅದರಿಂದ ಎರಡು ಬೆರಳು ಕೆಳಗೆ ಇನ್ನೊಂದು. ಆಮೇಲೆ ಮೂರನೆಯದು, ಅದು ಆಳಕ್ಕೆ ಇಳಿದಿತ್ತು.

“ಇದೇ ಕೊನೆ ಆಗ್ಬೇಕು,” ಎಂದರು ಡಾಕ್ಟರಮ್ಮ. “ಇನ್ನೊಂದು ಸಲ ಹೀಗೇ ಇಳಿದ್ರೆ ಮಾಂಸ ಕೊಯ್ದು ತೆಗೀಬೇಕಾಗತ್ತೆ. ಆಮೇಲೆ ಈ ಬೆರಳುಗಳು ಮಡಚೋದು ಅನುಮಾನ.”

ದರ್ಜಿ ಎಡಗೈಯ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡ. ಕತ್ತರಿ ಬಲಗೈಯದೇ ಆದರೂ ಬಟ್ಟೆಯನ್ನು ಹರಡಿ, ಎಳೆದು, ಅಲ್ಲಾಡದ ಹಾಗೆ ಹಿಡಿಯುವುದು ಎಡಗೈ. ಅದು ಹೋದರೆ ಅಂಗಡಿಯೂ ಹೋದಂತೆ.

ಪಟ್ಟಿಯಕ್ಕನಿಗೆ ಮೊದಲು ಅನುಮಾನ ಬಂದದ್ದು ತನ್ನ ಮೇಲೆಯೇ. ಕತ್ತರಿ ಕುದಿಸುವ ಹೊತ್ತನ್ನು ಹೆಚ್ಚು ಮಾಡಿದಳು. ಉಗುರು ಮತ್ತಷ್ಟು ಕತ್ತರಿಸಿದಳು. ಅದೇ ವಾರ ಅದೇ ಬಟ್ಟೆಯಲ್ಲಿ, ಅದೇ ಕೈಯಲ್ಲಿ ಕಟ್ಟಿದ ಗಾರೆ ಕೆಲಸದವನ ಪಾದ ಒಣಗಿತು, ಅಡುಗೆಯವಳ ಸುಟ್ಟ ಗಾಯಕ್ಕೆ ಹೊಸ ಚರ್ಮ ಬಂತು. ದರ್ಜಿಯದು ಮಾತ್ರ ಒಂಬತ್ತನೇ ದಿನವೂ ಒದ್ದೆ, ಅಂಚು ಕೆಂಪು. ತಪ್ಪು ತನ್ನ ಕೋಣೆಯದಲ್ಲ ಎಂದು ಆಗ ಅವಳಿಗೆ ಧೈರ್ಯ ಬಂತು.

ನರದ ಉದ್ದಕ್ಕೂ ಸಾಲಾಗಿದ್ದ ಕಪ್ಪು ಚುಕ್ಕೆಗಳನ್ನು ಅವಳು ಮೊದಲ ದಿನವೇ ಕಂಡಿದ್ದಳು. ಈಗ ಬಾಗಿಲು ಮುಂದೆ ಮಾಡಿ ಕೇಳಿದಳು.

“ನೋಡಪ್ಪಾ, ಮೊಳೆ ಇಷ್ಟು ನೇರವಾಗಿ, ಸಾಲು ಹಿಡ್ಕೊಂಡು ಚುಚ್ಚಲ್ಲ.”

ದರ್ಜಿ ನೆಲ ನೋಡಿದ. “ಬೆನ್ನು ನೋವಿಗೆ ಅಂತ ಶುರು ಆಯ್ತಕ್ಕ. ದಿನವೆಲ್ಲ ಬಗ್ಗಿ ಕೂರೋ ಕೆಲಸ. ಮೊದಲು ಮಾತ್ರೆ, ಅದು ಸಾಲ್ದೆ ಹೋಯ್ತು. ಈಗ ಎರಡು ವರ್ಷದಿಂದ ನಶೆ ಮದ್ದು ಚುಚ್ಕೋತೀನಿ. ಮನೆಯವಳಿಗೆ ಗೊತ್ತಿಲ್ಲ. ಅವಳು ಉಷ್ಣದ ಗುಳ್ಳೆ ಅಂದ್ಕೊಂಡಿದಾಳೆ. ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ. ಸೂಜಿ ಹಳೇದಾ?”

ಅಷ್ಟು ಸಂಕಟದಲ್ಲೂ ಅವನಿಗೆ ರೋಷ ಬಂತು. “ಸೂಜಿ ವಿಷಯ ನನಗೆ ಹೇಳ್ಕೊಡ್ತೀಯಾ? ಪ್ರತಿ ಸಲ ಹೊಸದು. ಯಾರ ಜೊತೇಲೂ ಹಂಚ್ಕೊಳಲ್ಲ. ಚರ್ಮ ಸ್ಪಿರಿಟ್ ಹಾಕಿ ಒರೆಸ್ತೀನಿ.”

ಅವನ ಒಪ್ಪಿಗೆ ತೆಗೆದುಕೊಂಡು ಅವಳು ಡಾಕ್ಟರಮ್ಮನಿಗೆ ತಿಳಿಸಿದಳು. ಅವರು ಬಹಳ ಹೊತ್ತು ಕುಳಿತು ವಿವರಿಸಿದರು.

“ಚರ್ಮ ಒಡೆದ ಕೂಡಲೇ ರಕ್ತದಲ್ಲಿರೋ ಬಿಳಿ ಕಣಗಳು ಅಲ್ಲಿಗೆ ಓಡಿ ಬಂದು ರೋಗದ ಹುಳಗಳನ್ನ ತಿನ್ಬೇಕು. ಈ ಜಾತಿ ನಶೆ ಮದ್ದು ಮೈಯಲ್ಲಿದ್ರೆ ಅವು ತಡವಾಗಿ ಬರ್ತವೆ. ಬಂದವೂ ಅರೆಹೊಟ್ಟೆ ತಿಂದು ಸುಮ್ಮನಾಗ್ತವೆ. ಊಟ, ನಿದ್ದೆ ಕೆಟ್ಟಿರತ್ತಲ್ಲ, ಅದೂ ಸೇರತ್ತೆ. ನಮ್ಮ ನಿಮ್ಮ ಮೈಯಲ್ಲಿ ಒಂದು ಗುಳ್ಳೆಯಾಗಿ ಹೋಗೋದು ಇಂಥವರಲ್ಲಿ ಕುರುವಾಗತ್ತೆ.”

ಪಟ್ಟಿಯಕ್ಕ ತಲೆಯಾಡಿಸಿದಳು. ಆದರೆ ಎದ್ದು ಹೋಗಲಿಲ್ಲ. “ಬಿಳಿಯವು ತಡವಾಗಿ ಬರ್ತವೆ, ಸರಿ. ಹುಳ ಮೊದಲು ಒಳಗೆ ಬಂದಿದ್ದು ಎಲ್ಲಿಂದ? ಸೂಜಿ ಹೊಸದು, ಚರ್ಮ ಒರೆಸಿದ್ದು.”

“ಕೀವು ಪರೀಕ್ಷೆಗೆ ಕಳ್ಸಿದೀನಿ. ನೋಡೋಣ.”

ನಾಲ್ಕು ದಿನಕ್ಕೆ ಚೀಟಿ ಬಂತು. ಡಾಕ್ಟರಮ್ಮ ಓದಿ ಹುಬ್ಬೇರಿಸಿದರು. “ಚರ್ಮದ ಮೇಲಿರೋ ಹುಳಗಳಿಗಿಂತ ಬಾಯೊಳಗೆ ಇರೋವೇ ಜಾಸ್ತಿ ಇದಾವೆ.”

“ಹೆಂಡ್ತಿ ಕಚ್ಚಿರ್ಬೇಕು,” ಎಂದ ಕಂಪೌಂಡರ್.

“ನಿಮ್ಮನೇಲಿ ಆ ಪದ್ಧತಿ ಇರ್ಬಹುದು,” ಎಂದಳು ಪಟ್ಟಿಯಕ್ಕ, ನಗದೆ.

ಬಾಯಿಯ ಹುಳ ಮೊಣಕೈಗೆ ಹೇಗೆ ಹೋದೀತು? ತಾನು ಮಾತಾಡುತ್ತಾ ತೊಳೆಯುವಾಗ ಎಂಜಲು ಹಾರಿರಬಹುದೇ ಎಂದು ಅಂದಿನಿಂದ ಬಾಯಿಗೆ ಬಟ್ಟೆ ಕಟ್ಟಿಕೊಂಡಳು. ಆದರೆ ತೊಳೆಯುವ ಕೆಲಸ ಕುರು ಎದ್ದ ಮೇಲಿನದು, ಏಳುವ ಮೊದಲಿನದಲ್ಲ. ಉರಿ ತಡೆಯದೆ ಅವನೇ ಉಫ್ ಎಂದು ಊದಿಕೊಳ್ಳುತ್ತಾನೆಯೇ ಎಂದು ಗಮನಿಸಿದಳು, ಇಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ತನ್ನ ಬಾಯಿ ತನ್ನ ಮೊಣಕೈ ಮಡಿಕೆಗೆ ಮುಟ್ಟುತ್ತದೆಯೇ ಎಂದು ನೋಡಿದಳು. ಮುಟ್ಟಿತು. ಆದರೆ ಬುದ್ಧಿ ನೆಟ್ಟಗಿರುವ ಯಾರು ಹಾಗೆ ಮಾಡುತ್ತಾರೆ?

ಆ ಭಾನುವಾರ ಅವಳ ಕೆಲಸದ ಕೋಟಿನ ಎರಡು ಗುಂಡಿ ಕಿತ್ತಿದ್ದವು. ದರ್ಜಿಯ ಅಂಗಡಿಗೆ ಹೋದಳು. ಒಳಗೆ ಒಂದು ಮಿಷನ್, ಉದ್ದನೆಯ ಮೇಜು, ಗೋಡೆಗೆ ನೇತುಹಾಕಿದ ಕಾಗದದ ಅಳತೆಗಳು. ಹಿಂದುಗಡೆ ಸ್ಟೂಲಿನ ಮೇಲೆ ಅವನ ಹೆಂಡತಿ ಅಂಗಿಗೆ ಕಾಜಾ ಹೊಲಿಯುತ್ತಿದ್ದಳು.

ದರ್ಜಿ ದಾರದ ತುದಿ ಬಾಯಿಗೆ ಹಾಕಿ ಒದ್ದೆ ಮಾಡಿದ, ಹಲ್ಲಲ್ಲಿ ಚೂಪು ಮಾಡಿದ, ಪೋಣಿಸಿದ. ಆಮೇಲೆ ಸೂಜಿಯ ಮೊನೆಯನ್ನು ತುಟಿಗಳ ನಡುವೆ ಸರ್ರನೆ ಎಳೆದು ಬಟ್ಟೆಗೆ ಚುಚ್ಚಿದ. ಒದ್ದೆಯಾದ ಸೂಜಿ ದಪ್ಪ ಬಟ್ಟೆಯಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಪಟ್ಟಿಯಕ್ಕ ಕುಳಿತಲ್ಲೇ ನೆಟ್ಟಗಾದಳು. “ಈಗೇನು ಮಾಡ್ದೆ?”

“ಗುಂಡಿ ಹಾಕ್ದೆ.”

“ಅದಕ್ಕೆ ಮೊದಲು?”

“ದಾರ ಪೋಣಿಸ್ದೆ.”

“ಎರಡರ ಮಧ್ಯೆ?”

“ಮಧ್ಯೆ ಏನಿದೆ ಅಕ್ಕ? ಏನೂ ಇಲ್ಲ.”

“ಇನ್ನೊಂದು ಗುಂಡಿ ಹಾಕು. ನಿಧಾನಕ್ಕೆ.”

ಅವನು ಹಾಕಿದ. ಸೂಜಿ ಮತ್ತೆ ತುಟಿಗೆ ಹೋಯಿತು. ಅಲ್ಲೇ ಅವನ ಕೈ ನಿಂತಿತು. ಸೂಜಿ ಬಾಯಲ್ಲಿ ಇದ್ದ ಹಾಗೇ ಕಣ್ಣು ಮಾತ್ರ ಕೆಳಗಿಳಿದು, ಎಡಗೈಯ ಗುಂಡಿ ಹಾಕಿದ ತೋಳಿನ ಮೇಲೆ ನಿಂತಿತು.

“ಮೂವತ್ತು ವರ್ಷದಿಂದ ಬೈತಾ ಇದೀನಿ,” ಎಂದಳು ಹೆಂಡತಿ ಹಿಂದಿನಿಂದ. “ಒಂದಿನ ಸೂಜಿ ನುಂಗ್ತೀರಾ ಅಂತ. ಕೇಳಿದ್ರೆ, ಯಾವ ಸೂಜಿಯಾದ್ರೂ ಕೈಗೆ ಬಂದ್ರೆ ತಾನಾಗೇ ಬಾಯಿಗೆ ಹೋಗತ್ತೆ ಅಂತಾರೆ.”

“ಅದನ್ನೂ ಹೀಗೇನಾ?” ಎಂದುಬಿಟ್ಟಳು ಪಟ್ಟಿಯಕ್ಕ.

ಎರಡು ವಾರದಿಂದ ಹುಡುಕಿದ್ದು ಸಿಕ್ಕ ಸಂತೋಷದಲ್ಲಿ ಮಾತು ಜಾರಿತ್ತು. ತಾನು ಯಾರ ಎದುರಿಗೆ ಕೂತಿದ್ದೇನೆ ಎಂಬುದು ಹೊಳೆದಾಗ ತಡವಾಗಿತ್ತು.

“ಅದನ್ನ ಅಂದ್ರೆ ಯಾವುದನ್ನ?” ಹೆಂಡತಿ ಹೊಲಿಗೆ ಕೆಳಗಿಟ್ಟಳು. ಗಂಡನ ಕಡೆ ತಿರುಗಿದಳು. “ಏನ್ರೀ, ಕೇಳ್ತಾ ಇರೋದು ನಿಮ್ಮನ್ನೇ.”

ಪಟ್ಟಿಯಕ್ಕ ತುಟಿ ಬಿಗಿಹಿಡಿದಳು. ಇನ್ನು ಒಂದು ಮಾತಾಡಿದರೂ ಅದು ಕೊಟ್ಟ ಮಾತಿಗೆ ತಪ್ಪಿದಂತೆ. ದರ್ಜಿ ಅವಳನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಸೂಜಿಯನ್ನು ಬಾಯಿಂದ ತೆಗೆದು ಮೇಜಿನ ಮೇಲಿನ ಪುಟ್ಟ ದಿಂಬಿಗೆ ಚುಚ್ಚಿದ. ಆಮೇಲೆ ಮುಂಗೈಯ ಗುಂಡಿ ಬಿಚ್ಚಿ ತೋಳನ್ನು ಮಡಿಕೆ ಮಡಿಕೆಯಾಗಿ ಮೇಲಕ್ಕೆ ಸುತ್ತಿದ. ಎರಡು ವರ್ಷ ಮುಚ್ಚಿಟ್ಟದ್ದು ಅಂಗಡಿಯ ಬೆಳಕಿಗೆ ಬಂತು.

ಹೆಂಡತಿ ಹತ್ತಿರ ಬಂದು ಆ ಚುಕ್ಕೆಗಳ ಸಾಲನ್ನು ಬೆರಳಲ್ಲಿ ಮುಟ್ಟಿದಳು. “ಗುಳ್ಳೆ ಅಂದಿರಿ,” ಎಂದಳು. ಅಷ್ಟೇ. ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಬಂದಳು. “ನಾಳೆ ಎಷ್ಟು ಗಂಟೆಗೆ ಅಕ್ಕ, ಡಾಕ್ಟ್ರು ಸಿಗೋದು? ಬೇಡ, ಈಗಲೇ ಯಾರಾದ್ರೂ ಇದಾರಾ?”

ಡಾಕ್ಟರಮ್ಮ ಸೂಜಿಯ ಕಥೆ ಕೇಳಿ ಪಟ್ಟಿಯಕ್ಕನಿಂದ ಎರಡು ಸಲ ಹೇಳಿಸಿದರು. ಆಮೇಲೆ ದರ್ಜಿಗೆ ಹೇಳಿದರು: “ತುಟಿಗೆ ತಾಗಿಸೋದು ಬಿಟ್ರೆ ಹುಳ ಬರೋ ಒಂದು ದಾರಿ ಮುಚ್ಚಿತು. ಬಿಳಿ ಕಣಗಳು ಹೊತ್ತಿಗೆ ಸರಿಯಾಗಿ ಬರ್ಬೇಕು ಅಂದ್ರೆ ಚುಚ್ಕೊಳೋದೇ ನಿಲ್ಬೇಕು. ಸುಮ್ನೆ ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಗಲ್ಲ, ಅದಕ್ಕೆ ಔಷಧಿ ಇದೆ. ದಿನಾ ಬಂದು ತಗೋಬೇಕು.”

ದಿನಾ ಬಂದ. ಹೆಂಡತಿ ಜೊತೆಗೆ ಬಂದಳು, ಮೊದಲ ವಾರವೆಲ್ಲ ಅವನೊಂದಿಗೆ ಮಾತಿಲ್ಲದೆ. ಮೂರನೆಯ ಕುರು ಇಪ್ಪತ್ತಮೂರನೇ ದಿನ ಮುಚ್ಚಿತು. ಕಿರುಬೆರಳು ಪೂರ್ತಿ ಮಡಚಲಿಲ್ಲ. ಉಳಿದ ನಾಲ್ಕು ಬೆರಳು ಬಟ್ಟೆಯನ್ನು ಹಿಡಿದವು.

“ಬಿಳಿಯವು ಸರಿಯಾಗೋಕೆ ಎಷ್ಟು ದಿನ ಬೇಕು?” ಎಂದು ಪಟ್ಟಿಯಕ್ಕ ಡಾಕ್ಟರಮ್ಮನನ್ನು ಕೇಳಿದಳು.

“ಒಬ್ಬೊಬ್ಬರಿಗೆ ಒಂದೊಂದು ಥರ. ಇಷ್ಟೇ ದಿನ ಅಂತ ಹೇಳೋಕಾಗಲ್ಲ.”

ನಾಲ್ಕು ತಿಂಗಳ ಮೇಲೆ ಒಂದು ಬೆಳಗ್ಗೆ ದರ್ಜಿ ಅರ್ಧ ತೋಳಿನ ಅಂಗಿಯಲ್ಲಿ ಬಂದ. ಇಸ್ತ್ರಿಪೆಟ್ಟಿಗೆ ತಾಗಿ ಎಡ ಮಣಿಕಟ್ಟಿನಲ್ಲಿ ಹೆಬ್ಬೆರಳಗಲ ಸುಟ್ಟಿತ್ತು. ಅವಳು ತೊಳೆದಳು, ಮುಲಾಮು ಸವರಿದಳು, ಕಟ್ಟಿದಳು, ದಿನ ಎಣಿಸತೊಡಗಿದಳು. ಎರಡನೇ ದಿನ ಅಂಚು ಕೆಂಪಾಗಿತ್ತು. ನಾಲ್ಕನೇ ದಿನ ಕೆಂಪು ಇಳಿಯಿತು. ಎಂಟನೇ ದಿನ ಪಟ್ಟಿ ಬಿಚ್ಚಿದಾಗ ಒಳಗೆ ಒಣಗಿದ, ತೆಳು ಗುಲಾಬಿ ಚರ್ಮ.

ಅವಳು ಕಿಟಕಿಯ ಬಳಿಗೆ ಅವನ ಕೈಯನ್ನು ಎಳೆದುಕೊಂಡು ಹೋಗಿ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

“ಇನ್ನು ಪಟ್ಟಿ ಬೇಕಾ ಅಕ್ಕ?”

“ಪಟ್ಟಿ ಬೇಡ. ನಾಳೆ ಬಾ, ಬಿಳಿಯವು ಮಾಡಿದ ಕೆಲಸ ಇನ್ನೊಂದು ಸಲ ನೋಡ್ಬೇಕು ನಾನು.”