ಮುಂದಿನ ಎರಡು ಸೀಟು

ಸುನಂದಾಗೆ ಕಾರು ಆಗಿ ಬರುವುದಿಲ್ಲ ಎಂಬುದನ್ನು ಇಳಕಲ್ಲಿನ ಅವರ ಮನೆಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಕೆಲವರಿಗೆ ಬದನೆಕಾಯಿ ಆಗಿ ಬರುವುದಿಲ್ಲ, ಈಕೆಗೆ ಕಾರು. ಹುನಗುಂದ ದಾಟುವವರೆಗೆ ಹೇಗೋ ವಾಂತಿ ತಡೆದುಕೊಳ್ಳುತ್ತಿದ್ದಳು. ಅಮೀನಗಡದಲ್ಲಿ ಉಳಿದವರು ಕರದಂಟು ಕೊಳ್ಳಲು ಇಳಿದರೆ ಆಕೆ ಬೇರೆ ಕೆಲಸಕ್ಕೆ ಇಳಿಯುತ್ತಿದ್ದಳು.

ಕಾರು ಚಿಕ್ಕದು, ಡೀಸೆಲ್‌ನದು, ಸೆಕೆಂಡ್ ಹ್ಯಾಂಡ್. ಆಕೆಯ ಗಂಡ ವಿಜಯಮಹಾಂತೇಶ ಊರ ಹೊರಗಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಸುಪರ್‌ವೈಸರ್. ದಿನಾ ಅಲ್ಲಿಗೆ ಓಡಾಟ, ಆಗಾಗ ಬಾಗಲಕೋಟೆ, ಅದರ ಮೇಲೆ ಮನೆಮಂದಿಯ ತಿರುಗಾಟ. ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಓಡುವ ಗಾಡಿಯೇ ಬೇಕೆಂದು ಹುಡುಕಿ ತಂದಿದ್ದ. ಓಡುತ್ತಲೂ ಇತ್ತು. ಗದ್ದಲ ಮಾತ್ರ ಸ್ವಲ್ಪ ಹೆಚ್ಚು. ನಿಂತಲ್ಲಿಯೂ ಎಂಜಿನ್ ಸಣ್ಣಗೆ ನಡುಗುತ್ತಿತ್ತು, ಆ ನಡುಕ ಹಿಂದಿನ ಸೀಟಿನವರೆಗೂ ತಲುಪುತ್ತಿತ್ತು.

ಯಾರು ಎಲ್ಲಿ ಕೂಡಬೇಕೆಂಬುದು ಕಾರು ಬಂದ ದಿನವೇ ತೀರ್ಮಾನವಾಗಿತ್ತು. ಸ್ಟೇರಿಂಗಿಗೆ ವಿಜಯಮಹಾಂತೇಶ. ಅವನ ಪಕ್ಕ ತಂದೆ ಅಂದಪ್ಪ, ಏಕೆಂದರೆ ಹಿರಿಯರು; ಮೇಲಾಗಿ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಅವರ ಹಿಂದೆ ಸುನಂದಾ. ಅಲ್ಲಿಂದ ಆಕೆಗೆ ಕಾಣುತ್ತಿದ್ದುದು ಮಾವನವರ ಬಿಳಿ ಟೋಪಿ ಮತ್ತು ಅದರ ಎಡಬಲಕ್ಕೆ ಒಂದಿಷ್ಟು ಆಕಾಶ.

ಮಗಳು ಐಶ್ವರ್ಯಳನ್ನು ಬಾದಾಮಿಗೆ ಕೊಟ್ಟ ಮೇಲೆ ಇದು ಬರೀ ಹೊಟ್ಟೆಯ ವಿಷಯವಾಗಿ ಉಳಿಯಲಿಲ್ಲ. ಐಶ್ವರ್ಯಳ ಅತ್ತೆ ಬಸಲಿಂಗವ್ವ ಅಡುಗೆಯನ್ನು ಗಂಭೀರವಾಗಿ ತೆಗೆದುಕೊಂಡ ಹೆಂಗಸು. ಬೀಗರು ಬರುತ್ತಾರೆಂದರೆ ಬೆಳಗಿನಿಂದ ಒಲೆಯ ಮುಂದೆ ಇರುತ್ತಿದ್ದಳು. ಸುನಂದಾ ಬಿಳಿಚಿಕೊಂಡು ಕಾರಿನಿಂದ ಇಳಿದು, ಅರ್ಧ ಲೋಟ ಮಜ್ಜಿಗೆ ಕುಡಿದು, ತಾಟಿಗೆ ಕೈ ಮುಗಿಯುತ್ತಿದ್ದಳು. ಹೋದ ಮೂರು ಸಲವೂ ಹೀಗೇ ಆಯಿತು. ಬಸಲಿಂಗವ್ವ ಎದುರಿಗೆ ಏನೂ ಅನ್ನಲಿಲ್ಲ. ಅನ್ನುವುದನ್ನೆಲ್ಲ ಸೊಸೆಗೆ ಅಂದಳು.

ಐಶ್ವರ್ಯ ಫೋನಿನಲ್ಲಿ ಹೇಳಿದಳು: “ಅವ್ವಾ, ‘ನಮ್ಮ ರೊಟ್ಟಿ ನಿಮ್ಮವ್ವಗ ದಪ್ಪ ಆಗ್ತಾವೇನು’ ಅಂತ ಕೇಳ್ಯಾರ ಅತ್ಯಾರು. ಗಾಡಿ ಆಗಿ ಬರಂಗಿಲ್ಲ ಅಂತ ನಾ ಎಷ್ಟ ಹೇಳಿದ್ರೂ, ಬಾದಾಮಿಗೆ ಬರೂವಾಗ ಅಷ್ಟ ಆಗಿ ಬರಂಗಿಲ್ಲೇನು ಅಂತಾರ.”

“ಕುಬಸಕ್ಕ ಬಂದಾಗ ಉಣ್ತೇನಿ ತಗೋ.”

“ಹೆಂಗ ಉಣ್ತಿ?”

“ನೋಡೂಣು.”

ಐಶ್ವರ್ಯಗೆ ಆಗ ಮೂರು ತಿಂಗಳು. ಏಳರಲ್ಲಿ ಕುಬಸ, ಎಂದರೆ ಸೀಮಂತ. ತವರಿನವರು ಹಸಿರು ಸೀರೆ, ಕುಬಸವೆಂದೇ ಕರೆಯುವ ರವಿಕೆ, ಬುತ್ತಿ ಹೊತ್ತುಕೊಂಡು ಹೋಗಬೇಕು, ತಾಯಿಯಾದವಳು ಬುತ್ತಿಯ ಜೊತೆಗೇ ಹೊಸ್ತಿಲು ದಾಟಬೇಕು. ಅಲ್ಲಿಯೂ ಉಣ್ಣದೆ ಎದ್ದರೆ ಮಗಳು ಮುಂದೆ ವರ್ಷಗಟ್ಟಲೆ ಕೇಳಿಸಿಕೊಳ್ಳಬೇಕಾಗುತ್ತದೆ.

ಸುನಂದಾ ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಅಸ್ತರಿನ ಬಟ್ಟೆಗೆಂದು ಆಗಾಗ ಹುನಗುಂದಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಒಂದು ದಿನ ಡ್ರೈವರನ ಎಡಕ್ಕೆ, ಮೊದಲ ಸೀಟಿನಲ್ಲಿ ಜಾಗ ಸಿಕ್ಕಿತು. ಹುನಗುಂದದಲ್ಲಿ ಇಳಿದಾಗ ಹಸಿವಾಗಿತ್ತು. ಬರುವಾಗ ಹಿಂದೆ ಕೂತಳು, ಹೊಟ್ಟೆ ತೊಳಸಿತು. ಒಂದೇ ಸಲದ್ದನ್ನು ನಂಬಬಾರದೆಂದು ಮುಂದಿನ ವಾರ ಹೋಗುವಾಗ ಹಿಂದೆ, ಬರುವಾಗ ಮುಂದೆ ಕೂತು ನೋಡಿದಳು. ಫಲ ಅದೇ. ರಸ್ತೆ ಕಂಡರೆ ತೊಂದರೆಯಿಲ್ಲ, ಕಾಣದಿದ್ದರೆ ಇದೆ. ತಿರುವು ಬಂತೆಂದು ಕಿವಿಯ ಒಳಭಾಗ ಹೇಳುತ್ತದೆ, ಇಲ್ಲವೆಂದು ಟೋಪಿ ನೋಡುತ್ತಿರುವ ಕಣ್ಣು ಹೇಳುತ್ತದೆ, ಇವೆರಡರ ಜಗಳದಲ್ಲಿ ಹೊಟ್ಟೆ ಸಿಕ್ಕಿಕೊಳ್ಳುತ್ತದೆ. ಈ ವಿವರಣೆ ಸುನಂದಾಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಂದು ಸಂಜೆ ಗಂಡನಿಗೆ ಹೇಳಿದಳು. “ನನಗ ಕಾರ ಆಗಿ ಬರ್ತೈತ್ರಿ. ಹಿಂದಿನ ಸೀಟ ಆಗಿ ಬರಂಗಿಲ್ಲ.”

ವಿಜಯಮಹಾಂತೇಶ ಚಹಾ ಕೆಳಗಿಟ್ಟ. “ಮುಂದ ಅಪ್ಪ ಕುಂದರ್ತಾನ.”

“ಮಾವಾರು ಅಲ್ಲೇ ಕುಂದರ್ಲಿ. ಮುಂದ ಎರಡ ಸೀಟ ಅದಾವು.”

“ಇನ್ನೊಂದರಾಗ ನಾ ಕುಂದರ್ತೇನಿ.”

“ಅದನ್ನ ಹೇಳಾಕತ್ತೇನಿ.”

ಮಾತು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಕ್ಕ. ಆಕೆ ನಗಲಿಲ್ಲವಾದ್ದರಿಂದ ನಿಲ್ಲಿಸಿದ. ತಂದೆಗೆ ಹಿಂದೆ ಹೋಗೆನ್ನುವುದಕ್ಕಿಂತ ಹೆಂಡತಿಗೆ ಡ್ರೈವಿಂಗ್ ಕಲಿ ಎನ್ನುವುದು ಸುಲಭವಾಗಿ ಕಂಡಿತು. ಹೇಗೂ ಕಲಿಯುವುದಿಲ್ಲ ಎಂಬ ಧೈರ್ಯವೂ ಇತ್ತು.

ಕಲಿಸಿದವನು ಹುನಗುಂದದ ರಾಜಮಹ್ಮದ. ಅವರ ಕಾರಿನ ರಿಪೇರಿಯೂ ಅವನದೇ, ಜೊತೆಗೆ ಡ್ರೈವಿಂಗ್ ಕ್ಲಾಸೂ ಇತ್ತು. ಮೊದಲ ದಿನ ಸುನಂದಾ ಕೇಳಬೇಕಾದ್ದನ್ನು ಕೇಳಿಕೊಂಡಳು.

“ಕಲಿಯಾಕ ಬಂದವ್ರಿಗೆ ಸ್ಟೇರಿಂಗ್ ಹಿಡದಾಗ ವಾಂತಿ ಆಗಿದ್ದು ನೋಡೀರೇನಣ್ಣಾರ?”

“ಅವ್ರಿಗೆ ಆಗಿದ್ದು ನೋಡಿಲ್ಲರಿ ಅಕ್ಕಾರ. ಬಾಜೂಕ ಕುಂತ ನನಗ ಒಮ್ಮೊಮ್ಮೆ ಬಂದಂಗ ಆಗೇತಿ.”

ಅವನ ಕ್ಲಾಸಿನ ಗಾಡಿಯೂ ಡೀಸೆಲ್‌ನದೇ. ಚಾವಿ ಅರ್ಧ ತಿರುಗಿಸಿ, ಎಂಜಿನ್ ಒಳಗೆ ಬಿಸಿಯಾಗಿ ಡ್ಯಾಶ್‌ಬೋರ್ಡಿನ ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ಕಾಯಬೇಕು, ಆಮೇಲೆ ಸ್ಟಾರ್ಟ್ ಮಾಡಬೇಕು ಎಂದು ಕಲಿಸಿದ. “ಅಲ್ಲೀತನಕ ಏನ ಮಾಡಲಿ?” ಎಂದಳು. “ಬೆಲ್ಟ ಹಾಕ್ಕೋರಿ. ನಿಮ್ಮ ಯಜಮಾನ್ರು ಬೆಲ್ಟೂ ಹಾಕ್ಕೊಳ್ಳಂಗಿಲ್ಲ, ದೀಪಾನೂ ಕಾಯಂಗಿಲ್ಲ. ಡೀಸೆಲ್ ಗಾಡಿ ಎತ್ತಿನಂಗರಿ. ಬೈದ್ರ ಓಡಂಗಿಲ್ಲ. ಕ್ಲಚ್ ಮೆತ್ತಗ ಬಿಟ್ರ ತಾನ ನಡೀತೈತಿ.”

ಅದು ನಿಜವಾಗಿತ್ತು. ಎಕ್ಸಲರೇಟರ್ ಒತ್ತದೆಯೂ ಗಾಡಿ ಮೊದಲನೆಯ ಗೇರಿನಲ್ಲಿ ತೆವಳುತ್ತಿತ್ತು. ಕಾಲಿನಿಂದ ಹೊಲಿಗೆ ಮಷೀನು ತುಳಿಯುತ್ತ ಬಂದವಳಿಗೆ ಕ್ಲಚ್ಚು ಅಪರಿಚಿತ ಎನಿಸಲಿಲ್ಲ. ರಿವರ್ಸ್ ಮಾತ್ರ ಬಹಳ ದಿನ ಕಾಡಿತು. ಬಾಗಲಕೋಟೆಯಲ್ಲಿ ಟೆಸ್ಟಿಗೆ ಎರಡು ಸಲ ಹೋಗಬೇಕಾಯಿತು. ಎರಡನೆಯ ಸಲ ಪಾಸಾಗಿ ಮನೆಗೆ ಬಂದು ಲೈಸೆನ್ಸು ಆಯಿತೆಂದಳು. ವಿಜಯಮಹಾಂತೇಶ “ಆತು?” ಎಂದ. ಅದು ಪ್ರಶ್ನೆಯೋ ದುಃಖವೋ ತಿಳಿಯಲಿಲ್ಲ.

ಕುಬಸದ ದಿನ ಓಣಿಯ ಹೆಣ್ಣುಮಕ್ಕಳು ಬೆಳಗಿನ ಬಸ್ಸಿಗೇ ಮುಂದೆ ಹೋದರು. ಕಾರಿನ ಸ್ಟೇರಿಂಗಿಗೆ ಸುನಂದಾ, ಪಕ್ಕ ಅಂದಪ್ಪ. ಹಿಂದಿನ ಸೀಟಿನಲ್ಲಿ ಬುತ್ತಿಯ ಬುಟ್ಟಿಗಳು: ಶೇಂಗಾ ಹೋಳಿಗೆ, ಕರಚಿಕಾಯಿ, ಮೊಸರು ಬುತ್ತಿ, ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಹೆಚ್ಚಾದ ಗುರೆಳ್ಳು ಚಟ್ನಿ. ಅವುಗಳ ನಡುವೆ ವಿಜಯಮಹಾಂತೇಶ. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಸುನಂದಾ ತಾನೇ ಹೊಲಿದ ಕುಬಸ ಅವನ ತೊಡೆಯ ಮೇಲಿತ್ತು.

ಹುನಗುಂದದವರೆಗೆ ಅವನು ಹಿಂದಿನಿಂದ ಗೇರು ಹೇಳುತ್ತಿದ್ದ. ಅಮೀನಗಡದ ಹೊತ್ತಿಗೆ ಹೇಳುವುದು ಕಡಿಮೆಯಾಯಿತು. ಗುಳೇದಗುಡ್ಡದ ತಿರುವುಗಳಲ್ಲಿ ಪೂರ್ತಿ ನಿಂತಿತು. ಒಮ್ಮೆ ಮಾತ್ರ, “ಕಿಟಕಿ ಕಾಜ ಇಳಸ್ತೇನಿ” ಎಂದ.

ಬಾದಾಮಿ ಒಂದೆರಡು ಕಿಲೋಮೀಟರ್ ಇರುವಾಗ ಅವನ ದನಿ ಮತ್ತೆ ಬಂತು. “ಬಾಜೂಕ ನಿಲ್ಲಸು. ಊರಾಗ ಗಾಡಿ ನಾ ಹೊಡಿತೇನಿ.”

ಸುನಂದಾ ಇಂಡಿಕೇಟರ್ ಹಾಕಿ, ಎಡಕ್ಕೆ ತೆಗೆದುಕೊಂಡು ನಿಲ್ಲಿಸಿದಳು. ಅವನು ಇಳಿದು ಮುಂದಿನ ಬಾಗಿಲಿಗೆ ಬಂದ. ಆಕೆ ಇಳಿಯಲಿಲ್ಲ.

“ಹಿಂದ ಕುಂತ್ರ ಎರಡ ಕಿಲೋಮೀಟರಿನಾಗೂ ತೊಳಸ್ತೈತ್ರಿ. ಇವತ್ತ ನಾ ಉಣ್ಣಬೇಕು.”

“ಬೀಗರ ಮುಂದ ಹೆಂಗ ಕಾಣತೈತಿ? ಹೆಂಡ್ತಿ ಹೊಡಿತಾಳ, ಗಂಡ ಬುಟ್ಟಿ ಹಿಡ್ಕೊಂಡ ಹಿಂದ ಕುಂತಾನ.”

“ಐಶೂನ ಸಲುವಾಗಿ ಒಂದ ದಿನ ಹಂಗ ಕಾಣ್ರಿ.”

ಅಂದಪ್ಪ ದಾರಿಯುದ್ದಕ್ಕೂ ಮುಂದಿನ ಹಿಡಿಕೆಯನ್ನು ಹಿಡಿದೇ ಕೂತಿದ್ದರು. ಈಗ ಅದನ್ನು ಬಿಟ್ಟರು.

“ಆಕೀನ ಹೊಡೀಲಿ ಬಿಡಲೇ.”

“ಅಪ್ಪಾ, ನೀನೂ ಹಂಗ ಅಂದ್ರ?”

“ನೀ ಬ್ರೇಕ್ ಹಾಕಿದ್ರ ನನ್ನ ಮೊಣಕಾಲ ಮುಂದ ಹೋಗಿ ಬಡೀತೈತಿ. ಈಕಿ ಇಳಕಲ್ಲಿನಿಂದ ಒಮ್ಮೀನೂ ಬಡಸಿಲ್ಲ. ನೀ ಮೊದಲ ಮಾರಿ ತೊಳಕೋ, ನಿನ್ನ ಬಣ್ಣ ಸರಿ ಇಲ್ಲ.”

ವಿಜಯಮಹಾಂತೇಶ ಬಾಟಲಿಯ ನೀರಿನಲ್ಲಿ ಮುಖ ತೊಳೆದ. ಆಮೇಲೆ ಕುಬಸವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಕೂತ. ಸುನಂದಾ ಚಾವಿ ಅರ್ಧ ತಿರುಗಿಸಿ, ಹಳದಿ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿದಳು.

ಬೀಗರ ಓಣಿ ಸಣ್ಣದು. ಸುನಂದಾ ರಿವರ್ಸ್ ಬೇಕಾಗದ ಕಡೆ ನೋಡಿ ನಿಲ್ಲಿಸಿದಳು. ಬುಟ್ಟಿ ಹೊತ್ತು ಹೊಸ್ತಿಲು ದಾಟಿದಳು, ಮಗಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಿದಳು. ಆರತಿಯ ಹೊತ್ತಿಗೆ ಹೊಟ್ಟೆ ಚುರುಗುಟ್ಟತೊಡಗಿತ್ತು.

ಪಂಕ್ತಿಯಲ್ಲಿ ಬಸಲಿಂಗವ್ವ ತಾನೇ ಬಡಿಸಲು ನಿಂತಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ. ಐಶ್ವರ್ಯ ತನ್ನ ತಾಟು ಬಿಟ್ಟು ಅವ್ವನ ಕೈಯನ್ನೇ ನೋಡುತ್ತಿದ್ದಳು. ಸುನಂದಾ ರೊಟ್ಟಿ ಮುರಿದಳು, ಎಣ್ಣೆಗಾಯಿ ಹಚ್ಚಿ ತಿಂದಳು. ಎರಡು ರೊಟ್ಟಿ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಬಸಲಿಂಗವ್ವ ಮೂರನೆಯದನ್ನು ಹಿಡಿದು ನಿಂತಿದ್ದಳು.

“ನಮ್ಮ ಅಡಗಿ ನಿಮಗ ಸೇರಂಗಿಲ್ಲ ಅಂತ ತಿಳ್ಕೊಂಡಿದ್ದೆ ಬೀಗರ.”

“ಇಷ್ಟದಿನ ತಿಂದ ನೋಡಿರ್ಲಿಲ್ಲರಿ. ತಿನ್ನದ ಹೆಂಗ ಹೇಳ್ಬೇಕು?”

“ಈಗ ತಿಂದ್ರೆಲ್ಲಾ. ಈಗ ಹೇಳ್ರಿ.”

ಸುನಂದಾ ಇನ್ನೊಂದು ತುತ್ತು ತಿಂದು ಯೋಚಿಸಿದಳು.

“ಎಣ್ಣೆಗಾಯಿಗೆ ಉಪ್ಪ ಒಂಚೂರು ಕಡಿಮಿ ಐತಿ.”

ಐಶ್ವರ್ಯ ಕಣ್ಣು ಮುಚ್ಚಿಕೊಂಡಳು. ಬಸಲಿಂಗವ್ವ ಬಾಗಿ, ಬೀಗತಿಯ ತಾಟಿನ ಅಂಚಿನಿಂದಲೇ ಒಂದು ಚೂರು ಬದನೆಕಾಯಿ ತೆಗೆದು ಬಾಯಿಗೆ ಹಾಕಿಕೊಂಡಳು.

“ಹೌದು, ಕಡಿಮಿ ಐತಿ” ಎಂದಳು. ಉಪ್ಪಿನ ಬಟ್ಟಲನ್ನು ಹತ್ತಿರ ಸರಿಸಿ, ಮೂರನೆಯ ರೊಟ್ಟಿಯನ್ನು ಕೇಳದೆಯೇ ತಾಟಿಗೆ ಹಾಕಿದಳು.